ಮಾಗೂರ್ ಮರಿ ಮಾಡಿದ ಐದು ಮಳೆಗಾಲ

ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಎರಡು ಅಂಕಿಗಳ ಕೆಳಗೆ ಕೆಂಪು ಗೆರೆ ಇದೆ. ಒಂದು 28 ಡಿಗ್ರಿ, ಇನ್ನೊಂದು 17 ಗಂಟೆ. 2017ರ ಮಳೆಗಾಲದಲ್ಲಿ ಭುವನೇಶ್ವರದ ಹತ್ತಿರದ ಕೌಸಲ್ಯಗಂಗದಲ್ಲಿರುವ, ಸಿಹಿನೀರಿನ ಮೀನು ಸಾಕಣೆಯ ಸಂಶೋಧನೆ ನಡೆಸುವ ಸಿಫಾ ಸಂಸ್ಥೆಯಲ್ಲಿ ಮಾಗೂರ್ ಮೀನಿನ ಮರಿ ಉತ್ಪಾದನೆಯ ತರಬೇತಿ ಪಡೆಯುವಾಗ ಬರೆದುಕೊಂಡದ್ದು ಅದು. ಹೆಣ್ಣು ಮೀನಿಗೆ ಹಾರ್ಮೋನ್ ಚುಚ್ಚಿದ ಮೇಲೆ ಸುಮಾರು 17 ಗಂಟೆಗೆ ಮೊಟ್ಟೆ ಹಿಂಡಬೇಕು, ನೀರು 28 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಮೊಟ್ಟೆ ಒಡೆದು ಮರಿ ಹೊರಬರುತ್ತದೆ ಎಂಬುದು ಪಾಠ. ಗೆರೆ ಎಳೆದದ್ದು ಮಾತ್ರ ಒಂದು ವರ್ಷ ತಡವಾಗಿ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಜುಲೈ ತಿಂಗಳ ನೀರು 23 ಡಿಗ್ರಿ ಇರುತ್ತದೆ ಎಂಬುದನ್ನು ನಾನು ಅಳೆದು ನೋಡಿದ್ದು ಮೊದಲ ತಂಡದ ಮೊಟ್ಟೆಗಳೆಲ್ಲ ಬೆಳ್ಳಗಾದ ಮೇಲೆ.

ಮೀನಿನ ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಅರ್ಧ ತೊಂದರೆ ಹುಟ್ಟಿದ್ದೇ ಅಲ್ಲಿಂದ. ನಮ್ಮ ಕಡೆ ಮುರುಗೋಡು ಎಂದೂ ಕರಾವಳಿಯಲ್ಲಿ ಮುಗುಡು ಎಂದೂ ಕರೆಯುವ ಮೀಸೆಯ ಮೀನು ಗದ್ದೆ, ಕೆರೆ, ಕೆಸರಿನ ಹೊಂಡಗಳಲ್ಲಿ ಮೊದಲಿನಿಂದಲೂ ಇದ್ದದ್ದು. ನೀರಿನ ಹೊರಗೂ ಗಾಳಿ ಕುಡಿದು ಬಹಳ ಹೊತ್ತು ಬದುಕಬಲ್ಲದು. ಬಾಣಂತಿಗೂ ಕಾಯಿಲೆಯಿಂದ ಎದ್ದವರಿಗೂ ಇದರ ಸಾರು ಕೊಡುತ್ತಿದ್ದರು. ನಾನು ಚಿಕ್ಕವನಿದ್ದಾಗ ಮೃಗಶಿರಾ ಮಳೆಗೆ ಮೀನು ಹೊಸನೀರಿನ ಹರಿವಿಗೆ ಎದುರಾಗಿ ಏರುವ ರಾತ್ರಿಗಳಲ್ಲಿ ದೊಡ್ಡಪ್ಪ ಗದ್ದೆಯ ಬದುವಿಗೆ ಮೀನು ಹಿಡಿಯುವ ಕೂಣಿ ಇಟ್ಟರೆ ಬೆಳಿಗ್ಗೆ ಅದರಲ್ಲಿ ಹತ್ತಾರು ಮುರುಗೋಡು ಇರುತ್ತಿದ್ದವು. ಈಗ ಕೂಣಿಯೂ ಇಲ್ಲ, ಮೀನೂ ಇಲ್ಲ. ಪೂರ್ವ ಭಾರತದಲ್ಲಿ ಮಾಗೂರ್ ಎಂದು ಕರೆಯುವುದು ಇದರ ಹತ್ತಿರದ ಬಂಧು, ಬಿಹಾರಕ್ಕೆ ಅದು ರಾಜ್ಯದ ಮೀನು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅದು ಅಳಿವಿನಂಚಿನಲ್ಲಿರುವ ಜಾತಿಯಾಗಿ ಸೇರಿದೆ. ಪಶ್ಚಿಮ ಘಟ್ಟದ ನೀರಿನಲ್ಲಿ ಇದೇ ಕುಲದ ಬೇರೆಯೇ ಜಾತಿಯೊಂದು ಇರುವುದರಿಂದ ಗದ್ದೆಯಲ್ಲಿ ಸಿಕ್ಕ ಮೀನನ್ನು ಒಡಿಶಾದಿಂದ ತಂದದ್ದರ ಜೊತೆ ಬೆರೆಸಬೇಡಿ ಎಂದು ತರಬೇತಿಯಲ್ಲಿ ಒಬ್ಬ ವಿಜ್ಞಾನಿ ನನಗೆ ಹೇಳಿದ್ದರು. ಆ ಮಾತನ್ನು ನಾನು ಪಾಲಿಸಿದ್ದೇನೆ, ಮರಿ ಮಾಡಿದ್ದೆಲ್ಲ ತಂದ ಮಾಗೂರಿನದೇ.

ಇವೆಲ್ಲವೂ ಒಂದು ಕಡೆಯಾದರೆ, ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೊಂದು ಕಡೆ. ಅದು ಆರೇಳು ತಿಂಗಳಲ್ಲಿ ಕಿಲೋ ದಾಟುತ್ತದೆ, ಕೋಳಿ ಅಂಗಡಿಯ ತ್ಯಾಜ್ಯವನ್ನೂ ತಿಂದು ಬೆಳೆಯುತ್ತದೆ, ತಪ್ಪಿಸಿಕೊಂಡು ಹೊಳೆ ಸೇರಿದರೆ ಅಲ್ಲಿನ ಮೀನುಗಳನ್ನೆಲ್ಲ ನುಂಗುತ್ತದೆ. 2000ದಲ್ಲಿಯೇ ಕೇಂದ್ರ ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಿದೆ, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಅದನ್ನು ನಾಶಪಡಿಸಲು ಹೇಳಿತು. ನೈಜೀರಿಯಾದಲ್ಲಿ ಅದೇ ಮೀನು ಸಾಕಣೆಯ ಬೆನ್ನೆಲುಬು, ಅಲ್ಲಿ ಅದು ಊರಿನ ಮೀನು. ಇಲ್ಲಿ ಅದು ಕಳ್ಳದಾರಿಯಲ್ಲಿ ಬರುತ್ತದೆ, ಮತ್ತು ಬರುವಾಗ ಮಾಗೂರ್ ಎಂಬ ಹೆಸರನ್ನು ಹೊತ್ತೇ ಬರುತ್ತದೆ.

2017ರ ಸೆಪ್ಟೆಂಬರಿನಲ್ಲಿ ಒಡಿಶಾದಿಂದ ಬೆರಳುದ್ದದ 500 ಮರಿಗಳನ್ನು ತಂದು ಸಿಮೆಂಟ್ ತೊಟ್ಟಿಯಲ್ಲಿ ಬೆಳೆಸಿದೆ. ಮುಂದಿನ ಜೂನ್ ಹೊತ್ತಿಗೆ ಸುಮಾರು 300 ಉಳಿದಿದ್ದವು, 100ರಿಂದ 150 ಗ್ರಾಂ ತೂಗುತ್ತಿದ್ದವು. ಗಂಡು ಹೆಣ್ಣು ಗುರುತಿಸುವುದು ಕಷ್ಟವಲ್ಲ. ಗಂಡಿನ ಜನನಾಂಗದ ಮೊನೆ ಉದ್ದವಾಗಿ ಚೂಪಾಗಿರುತ್ತದೆ, ಹೆಣ್ಣಿನದು ಗುಂಡಗೆ ಗುಂಡಿಯಂತಿದ್ದು ಮೊಟ್ಟೆ ತುಂಬಿದಾಗ ಕೆಂಪಾಗುತ್ತದೆ. ಆರಿದ್ರಾ ಮಳೆ ಹಿಡಿದ ಮೂರನೆಯ ದಿನ ಸಂಜೆ ಐದಕ್ಕೆ ಎಂಟು ಹೆಣ್ಣುಗಳಿಗೆ ಚುಚ್ಚಿದೆ. ಕಿಲೋ ತೂಕಕ್ಕೆ ಸುಮಾರು 1 ಮಿ.ಲೀ. ಎಂಬ ಲೆಕ್ಕದಲ್ಲಿ 150 ಗ್ರಾಮಿನ ಮೀನಿಗೆ 0.15 ಮಿ.ಲೀ. ಅಂದರೆ ಮಿ.ಲೀ.ಗೆ 40 ಗೆರೆಯ ಇನ್ಸುಲಿನ್ ಸಿರಿಂಜಿನಲ್ಲಿ ಆರು ಗೆರೆ. ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ ಆ ಸಿರಿಂಜು ಮನೆಯಲ್ಲಿತ್ತು. ಇನ್ನಷ್ಟು ಕೊಳ್ಳಲು ಹೋದಾಗಲೂ ಔಷಧದ ಅಂಗಡಿಯಲ್ಲಿ ನನ್ನ ಮುಖ ನೋಡಿ ಯಾರೂ ಏನೂ ಕೇಳಲಿಲ್ಲ.

ಸಿರಿಂಜು ಸುಲಭವಾಗಿ ಸಿಕ್ಕಿತು, ಔಷಧ ನನಗೆ ಬೇಕಾದ ಅಳತೆಯಲ್ಲಿ ಸಿಕ್ಕಲಿಲ್ಲ. ಓವಾಪ್ರಿಮ್, ಓವಟೈಡ್ ಮುಂತಾದ ಹಾರ್ಮೋನುಗಳು 10 ಮಿ.ಲೀ. ಸೀಸೆಗಳಲ್ಲಿ ಬರುತ್ತವೆ. ಭದ್ರಾ ಜಲಾಶಯದ ಬಳಿ ಬಿ.ಆರ್. ಪ್ರಾಜೆಕ್ಟಿನಲ್ಲಿರುವಂಥ ದೊಡ್ಡ ಗೆಂಡೆ ಮೀನುಮರಿ ಕೇಂದ್ರಕ್ಕೆ ಅದೊಂದು ಲೆಕ್ಕವೇ ಅಲ್ಲ. ನನ್ನ ಎಂಟು ಹೆಣ್ಣುಗಳಿಗೆ ಬೇಕಾದದ್ದು ಒಂದೂಕಾಲು ಮಿ.ಲೀ. ಮಾತ್ರ. ಉಳಿದದ್ದನ್ನು ಯಾರಿಗೆ ಕೊಡಲಿ? ಮುಂದಿನ ವರ್ಷಕ್ಕೆ ಇಟ್ಟರೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದು ಮುಂದಿನ ವರ್ಷದ ಹಂಗಾಮು ಹಾಳಾದ ಮೇಲೆಯೇ. ಮಾಗೂರ್ ವರ್ಷಕ್ಕೊಮ್ಮೆ, ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಮೊಟ್ಟೆಗೆ ಬರುವ ಮೀನು. ಇಡೀ ಐದು ವರ್ಷ ನಾನು ಎಡವಿದ್ದೆಲ್ಲ ಹೆಚ್ಚುಕಡಿಮೆ ಈ ಸೀಸೆಯ ಮಾದರಿಯಲ್ಲೇ. ಮಾಡಬೇಕಾದದ್ದೇನು ಎಂಬುದು ಗೊತ್ತಿತ್ತು, ಆದರೆ ಅದಕ್ಕೆ ಬೇಕಾದ ವಸ್ತು ನನ್ನ ಅಳತೆಯಲ್ಲಿ, ನನ್ನ ಊರಿನಲ್ಲಿ, ಆ ವಾರದಲ್ಲಿ ಇರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ 17 ಗಂಟೆ ತುಂಬಿತು. ಮೊದಲು ಗಂಡು ಮೀನನ್ನು ಕೊಲ್ಲಬೇಕು. ಗೆಂಡೆ ಮೀನಿನ ಗಂಡಿನ ಹೊಟ್ಟೆ ಒತ್ತಿದರೆ ಹಾಲಿನಂತೆ ವೀರ್ಯ ಸುರಿಯುತ್ತದೆ, ಮಾಗೂರ್ ಗಂಡಿನಿಂದ ಒಂದು ತೊಟ್ಟೂ ಬರುವುದಿಲ್ಲ. ಹೊಟ್ಟೆ ಸೀಳಿ, ಬೆನ್ನುಮೂಳೆಗೆ ಅಂಟಿಕೊಂಡಂತಿರುವ ಕೆನೆಬಣ್ಣದ ಎರಡು ಪುಟ್ಟ ವೃಷಣಗಳನ್ನು ತೆಗೆದು, ರಕ್ತ ಒರೆಸಿ, ಕತ್ತರಿಸಿ, ಕಲ್ಲಿನ ಪುಟ್ಟ ಖಲಬತ್ತಿನಲ್ಲಿ ಶೇಕಡ 0.9ರ ಉಪ್ಪುನೀರು ಹಾಕಿ ಅರೆದು, ತೆಳುಬಟ್ಟೆಯಲ್ಲಿ ಸೋಸಬೇಕು. ಮೀನು ತಿನ್ನುವ ಮನೆಯಲ್ಲಿ ಹುಟ್ಟಿದ ನನಗೆ ಮೀನು ಕೊಯ್ಯುವುದು ಹೊಸದಲ್ಲ. ಆದರೂ ಹತ್ತು ತಿಂಗಳು ಕೈಯಾರೆ ಬೆಳೆಸಿ, ತೂಕದ ಪುಸ್ತಕದಲ್ಲಿ ಸಂಖ್ಯೆ ಕೊಟ್ಟಿದ್ದ ಮೀನಿನ ಹೊಟ್ಟೆ ಸೀಳುವಾಗ ಕೈ ತಡೆಯಿತು. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ನನ್ನ ಹೆಂಡತಿ, "ಸಾರಿಗೆ ಕೊಯ್ಯೋವಾಗ ಇಷ್ಟು ಹೊತ್ತು ತಗೊಳ್ಳಲ್ಲ ನೀವು" ಎಂದಳು.

ಹೆಣ್ಣು ಮೀನಿನ ಹೊಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಹಗುರವಾಗಿ ಒತ್ತಿದರೆ ಮೊಟ್ಟೆ ತಾನಾಗಿ ಜಾರಬೇಕು. ಜಾರಲಿಲ್ಲ. ಪುಸ್ತಕದಲ್ಲಿ 17 ಎಂದಿದೆ, ಹಾಗಾಗಿ ಬಂದೇ ಬರಬೇಕು ಎಂದು ಇನ್ನಷ್ಟು ಒತ್ತಿದೆ. ರಕ್ತದ ಜೊತೆ ಒಂದಷ್ಟು ಮೊಟ್ಟೆ ಬಂತು. ಅದನ್ನೇ ಒಣ ತಟ್ಟೆಗೆ ಹಿಂಡಿ, ವೀರ್ಯದ ನೀರು ಸುರಿದು, ಅಂಗಳದ ಹುಂಜದ ಗರಿಯಲ್ಲಿ ಕಲಸಿ, ಟಬ್ಬುಗಳಲ್ಲಿ ಒಂದೇ ಪದರವಾಗಿ ಹರಡಿದೆ. ಫಲಿತ ಮೊಟ್ಟೆ ಕಂದು ಬಣ್ಣದಲ್ಲಿ ಪಾರದರ್ಶಕವಾಗಿ ಉಳಿಯುತ್ತದೆ, ಸತ್ತದ್ದು ಬೆಳ್ಳಗಾಗುತ್ತದೆ. ಸಂಜೆಯ ಹೊತ್ತಿಗೆ ಟಬ್ಬುಗಳು ಸಬ್ಬಕ್ಕಿ ಹರಡಿದಂತೆ ಕಾಣುತ್ತಿದ್ದವು. ಎಂಟು ಹೆಣ್ಣುಗಳಲ್ಲಿ ಐದು ವಾರದೊಳಗೆ ಸತ್ತವು.

ಎರಡನೆಯ ತಂಡವನ್ನು ಪುನರ್ವಸು ಮಳೆಯಲ್ಲಿ ಮಾಡಿದೆ. ಅಷ್ಟರಲ್ಲಿ ಶಿವಮೊಗ್ಗದಿಂದ ಒಂದು ಥರ್ಮಾಮೀಟರ್ ತಂದಿದ್ದೆ. ತಣ್ಣೀರಿನಲ್ಲಿ ಎಲ್ಲವೂ ನಿಧಾನ ಎಂಬ ಸರಳ ಸಂಗತಿ ಅದರ ಪಾದರಸ ನೋಡಿದಾಗ ಹೊಳೆಯಿತು. ಈ ಬಾರಿ 17ಕ್ಕೆ ಒಂದು ಮೀನನ್ನು ಮುಟ್ಟಿ ನೋಡಿ ಬಿಟ್ಟೆ, ಆಮೇಲೆ ಗಂಟೆಗೊಮ್ಮೆ ನೋಡಿದೆ. 23ನೆಯ ಗಂಟೆಗೆ ಮೊಟ್ಟೆ ಬೆರಳು ಸೋಕಿದರೆ ಸಾಕು ಎಂಬಂತೆ ಜಾರಿತು. ಅಂದಿನ ಸಂತೋಷ ಎರಡು ದಿನ ಉಳಿಯಿತು. ಅಲ್ಲಿ 24ರಿಂದ 26 ಗಂಟೆಯಲ್ಲಿ ಒಡೆಯುವ ಮೊಟ್ಟೆಗೆ ಇಲ್ಲಿ 40 ಗಂಟೆಗೂ ಹೆಚ್ಚು ಬೇಕಾಯಿತು, ಆ ಹೆಚ್ಚುವರಿ ಹೊತ್ತಿನಲ್ಲಿ ಸತ್ತ ಮೊಟ್ಟೆಗಳ ಮೇಲೆ ಹತ್ತಿಯಂಥ ಬೂಸ್ಟು ಹುಟ್ಟಿ ಬದುಕಿದವಕ್ಕೂ ಹಬ್ಬಿತು. ಬೂಸ್ಟಿಗೆ ಸುಲಭದ ಮದ್ದು ಎಲ್ಲರಿಗೂ ಗೊತ್ತು. ಮಲಾಕೈಟ್ ಗ್ರೀನ್ ಒಂದು ಚಿಟಿಕೆ ಹಾಕಿದರೆ ನೀರು ಹಸಿರಾಗಿ ಬೂಸ್ಟು ಮಾಯವಾಗುತ್ತದೆ. ತಿನ್ನುವ ಮೀನಿನಲ್ಲಿ ಅದನ್ನು ಬಳಸುವಂತಿಲ್ಲ, ಮೈಯಲ್ಲಿ ಉಳಿಯುವ ವಿಷ ಅದು. ಅದರ ಬದಲು ಸತ್ತ ಮೊಟ್ಟೆಗಳನ್ನು ಎರಡು ಗಂಟೆಗೊಮ್ಮೆ ಸಣ್ಣ ಪೈಪಿನಲ್ಲಿ ಹೀರಿ ತೆಗೆಯಬೇಕು, ನೀರಿನ ಹರಿವು ನಿಲ್ಲದಂತೆ ನೋಡಿಕೊಳ್ಳಬೇಕು. ಓದಲು ಇದು ಒಂದು ವಾಕ್ಯ. ಮಾಡಲು ಎರಡು ರಾತ್ರಿ ನಿದ್ದೆಯಿಲ್ಲ, ಅದೂ ಹಗಲಿಡೀ ನಾಟಿಯ ಕೆಲಸವಿರುವ ವಾರದಲ್ಲಿ. ಎರಡನೆಯ ರಾತ್ರಿ ಮೂರಕ್ಕೆ ಕೂತಲ್ಲೇ ಕಣ್ಣು ಮುಚ್ಚಿತು, ಐದಕ್ಕೆ ಎಚ್ಚರವಾದಾಗ ಕರೆಂಟ್ ಇರಲಿಲ್ಲ, ಪಂಪು ನಿಂತಿತ್ತು. ಆ ವರ್ಷ ನನ್ನ ಕೈಗೆ ದಕ್ಕಿದ್ದು 60 ಮರಿ. ಎಣಿಸಿದ್ದೇನೆ.

2019ರ ಹಂಗಾಮಿಗೆ ನೀರು ಬಿಸಿ ಮಾಡುವ ದಾರಿ ಹುಡುಕಿದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲವಿಡೀ ಬಚ್ಚಲ ಒಲೆ ಆರುವುದಿಲ್ಲ. ನಮ್ಮ ಬಚ್ಚಲಿನಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ ಇದೆ, ರಾತ್ರಿ ತುಂಬಿಸಿಟ್ಟರೆ ಬೆಳಗಿನವರೆಗೆ ಕಾದಿರುತ್ತದೆ. ಆ ನೀರನ್ನು ಮೇಲಿನ ಟ್ಯಾಂಕಿಗೆ ಬೆರೆಸಿ 27 ಡಿಗ್ರಿಗೆ ತಂದೆ. ಮೊಟ್ಟೆ ಒಂದೂಕಾಲು ದಿನದಲ್ಲಿ ಒಡೆಯಿತು. ಟಬ್ಬಿನ ತಳದಲ್ಲಿ ಸಾಸಿವೆಯಂಥ ಹಳದಿ ಚೀಲ ಹೊತ್ತು ಬಾಲ ಬಡಿಯುತ್ತಿದ್ದ ಮರಿಗಳನ್ನು ನೋಡಲು ಅಕ್ಕಪಕ್ಕದ ಮನೆಯವರೂ ಬಂದರು. ಎರಡನೆಯ ದಿನ ಬಾಲದ ಬಡಿತ ನಿಧಾನವಾಯಿತು, ಮೂರನೆಯ ದಿನ ಟಬ್ಬುಗಳು ನಿಶ್ಶಬ್ದವಾದವು. ಆಕ್ಸಿಜನ್ ಸರಿಯಿತ್ತು, ಉಷ್ಣತೆ ಸರಿಯಿತ್ತು, ಬೂಸ್ಟು ಇರಲಿಲ್ಲ.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ್ದ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಅವರು ಅದೂ ಇದೂ ಕೇಳಿ ಕೊನೆಗೆ, "ನೀರು ಕಾಯಿಸಿದ್ದು ಯಾವ ಪಾತ್ರೆಯಲ್ಲಿ, ಗೌಡ್ರೇ?" ಎಂದರು. ನಾನು ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ತಾಮ್ರ ಮೀನಿನ ಮರಿಗೆ ವಿಷ, ಅದರಲ್ಲೂ ನೀರು ಮೆದುವಾಗಿದ್ದಷ್ಟೂ ಹೆಚ್ಚು ವಿಷ ಎಂದು ಅವರು ವಿವರಿಸಿದರು. ಸುಣ್ಣದಂಶವಿರುವ ಗಡಸು ನೀರಿನಲ್ಲಿ ತಾಮ್ರದ ಕಾಟ ಕಡಿಮೆ, ಜಂಬಿಟ್ಟಿಗೆ ನೆಲದ ನಮ್ಮ ನೀರಿನಲ್ಲಿ ಸುಣ್ಣವೇ ಇಲ್ಲ. ಬೇರೆ ಹೊತ್ತಿನಲ್ಲಾಗಿದ್ದರೆ ಇದೊಂದು ತಮಾಷೆಯ ಕಥೆಯಾಗುತ್ತಿತ್ತು. ಆದರೆ ಫೋನ್ ಇಟ್ಟು ಹೊರಗೆ ಬಂದಾಗ ತೋಟದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರವೇ. ಜೂನ್, ಜುಲೈನಲ್ಲಿ ಇಡೀ ಮಲೆನಾಡು ಅಡಿಕೆ ಮರದ ತುದಿಗೆ ತಾಮ್ರ ಎರಚುತ್ತದೆ, ಮುರುಗೋಡು ಮೊಟ್ಟೆ ಇಡುವುದೂ ಆಗಲೇ. ಗದ್ದೆಯ ಮುರುಗೋಡು ಎಲ್ಲಿ ಹೋಯಿತು ಎಂದು ದೊಡ್ಡಪ್ಪ ಕೇಳುತ್ತಿದ್ದ ಪ್ರಶ್ನೆಗೆ ಇದೇ ಪೂರ್ತಿ ಉತ್ತರ ಎನ್ನಲಾರೆ. ಕಳೆನಾಶಕ ಇದೆ, ಗದ್ದೆಗಳು ತೋಟವಾಗಿರುವುದಿದೆ. ನನ್ನ ತೊಟ್ಟಿಗೆ ತೋಟದ ಕಾಲುವೆಯ ನೀರು ಬರುತ್ತಿದ್ದುದನ್ನು ಮಾತ್ರ ಅಂದೇ ಸಂಜೆ ಕಟ್ಟಿಸಿದೆ.

ಉಳಿದ ತಾಯಿಮೀನುಗಳನ್ನು ಆಗಸ್ಟಿನ ಪ್ರವಾಹ ಒಯ್ದಿತು. ಆಶ್ಲೇಷಾ ಮಳೆಯ ಆ ವಾರ ತುಂಗೆ ಉಕ್ಕಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಹಳ್ಳ ತೊಟ್ಟಿಯ ಗೋಡೆ ದಾಟಿ ಹರಿಯಿತು. ಮಾಗೂರ್ ಹರಿವಿಗೆ ಎದುರಾಗಿ ಏರುವ ಮೀನು, ಒಂದು ರಾತ್ರಿ ಸಾಕಾಯಿತು. ನೈಲಾನ್ ಬಲೆಯನ್ನು ತೊಟ್ಟಿಯ ಸುತ್ತ ಎರಡು ಅಡಿ ಎತ್ತರಕ್ಕೆ ಕಟ್ಟಬೇಕೆಂದು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ, ಬಲೆಯೂ ತಂದಿದ್ದೆ. ಅದು ಅಟ್ಟದ ಮೇಲಿತ್ತು.

2020ರಲ್ಲಿ ಹೊಸದಾಗಿ ಮೀನು ತರಲು ಲಾಕ್‌ಡೌನ್ ಅಡ್ಡಬಂತು. ಆ ವರ್ಷವನ್ನು ನಾನು ಕಾಗದದ ಕೆಲಸಕ್ಕೆ ಬಳಸಿದೆ, ಅಂದರೆ ಬಳಸಲು ನೋಡಿದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಆಗಷ್ಟೇ ಶುರುವಾಗಿತ್ತು. ಸಿಹಿನೀರಿನ ಮೀನುಮರಿ ಕೇಂದ್ರಕ್ಕೆ 25 ಲಕ್ಷ ರೂಪಾಯಿ ಘಟಕ ವೆಚ್ಚ, ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 40, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇಕಡ 60 ಸಹಾಯಧನ. ನಾನು ಕೇಳಹೊರಟದ್ದು ಮೂರು ಲಕ್ಷದ ಘಟಕಕ್ಕೆ. ಕಚೇರಿಯೊಂದರಲ್ಲಿ ನನ್ನ ಅರ್ಜಿ ನೋಡಿದವರು, "ಕ್ಯಾಟ್‌ಫಿಶ್ ನಿಷೇಧ ಅಲ್ವೇನ್ರೀ, ನೀವೇ ಬಂದು ಬರಕೊಡ್ತಿದ್ದೀರಲ್ಲ?" ಎಂದರು. ನಿಷೇಧ ಆಫ್ರಿಕನ್ನಿಗೆ, ಇದು ದೇಶಿ ಮಾಗೂರ್ ಎಂದು ವಿವರಿಸಿದೆ. ಅವರು ಒರಟರಲ್ಲ, ಕುರ್ಚಿ ಕೊಟ್ಟು ಚಹಾ ತರಿಸಿದರು. ಆದರೆ ನಾಳೆ ನನ್ನ ತೊಟ್ಟಿಯಲ್ಲಿ ಆಫ್ರಿಕನ್ ಮೀನು ಸಿಕ್ಕರೆ ಸಹಿ ಹಾಕಿದವರ ಗತಿಯೇನು ಎಂಬುದು ಅವರ ಚಿಂತೆ, ಆ ಚಿಂತೆಯನ್ನು ನಾನು ತಪ್ಪೆನ್ನಲಾರೆ. ಅವರು ತೋರಿಸಿದ ಮಾದರಿ ನಕ್ಷೆ ಗೆಂಡೆ ಮೀನಿನ ವೃತ್ತಾಕಾರದ ಚೈನೀಸ್ ಹ್ಯಾಚರಿಯದು. ಗೆಂಡೆಯ ತಾಯಿಮೀನು ಕಿಲೋ ತೂಕಕ್ಕೆ ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಅವು ನೀರಿನಲ್ಲಿ ತೇಲಾಡುತ್ತ ಸುತ್ತಬೇಕು. ಮಾಗೂರಿನದು ಒಂದಕ್ಕೆ ಐದಾರು ಸಾವಿರ ಮೊಟ್ಟೆ, ಅಂಟುವ ಮೊಟ್ಟೆ, ಅಲುಗಾಡದ ಟಬ್ಬಿನಲ್ಲಿ ತೆಳುವಾಗಿ ಹರಿಯುವ ನೀರಿನ ಕೆಳಗೆ ಮಲಗಬೇಕು. ನನ್ನ ಹ್ಯಾಚರಿ ಎಂದರೆ ಒಂದು ಪಿವಿಸಿ ಪೈಪಿಗೆ ಸಾಲಾಗಿ ಜೋಡಿಸಿದ 24 ಪ್ಲಾಸ್ಟಿಕ್ ಟಬ್ಬುಗಳು. ಯಾವ ನಮೂನೆಯ ಯಾವ ಕಲಮಿನಲ್ಲೂ ಅದಕ್ಕೆ ಜಾಗವಿರಲಿಲ್ಲ. ಅರ್ಜಿಯನ್ನು ಹಿಂದಕ್ಕೆ ಪಡೆದು, ಹೆಂಡತಿಯ ಸಂಘದಿಂದ ಸಾಲ ತೆಗೆದೆ.

ಲಾಕ್‌ಡೌನ್ ಸಡಿಲವಾದ ಮೇಲೆ ತಿಳಿದವರ ಮೂಲಕ ಮತ್ತೆ 400 ಮರಿ ಬಂದವು. ಆ ಬಿಡುವಿನಲ್ಲಿ ನೀರಿನ ಪಾಠವನ್ನು ಸರಿಯಾಗಿ ಓದಿದೆ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಚಾನೆಲ್ ಕ್ಯಾಟ್‌ಫಿಶ್ ಎಂಬ ಬೇರೆ ಮೀನು ಸಾಕುವವರು ಹ್ಯಾಚರಿಯ ನೀರಿನಲ್ಲಿ ಕ್ಯಾಲ್ಸಿಯಂ ಗಡಸುತನ ಲೀಟರಿಗೆ ಕನಿಷ್ಠ 20 ಮಿಲಿಗ್ರಾಂ ಇರಲೇಬೇಕು ಎನ್ನುತ್ತಾರೆ, ಇಲ್ಲದಿದ್ದರೆ ಮೊಟ್ಟೆ, ಮರಿ ಎರಡೂ ಸೊರಗುತ್ತವೆ. ನನ್ನ ಕೊಳವೆಬಾವಿಯ ನೀರನ್ನು ಪರೀಕ್ಷಾ ಕಿಟ್ಟಿನಲ್ಲಿ ನೋಡಿದರೆ ಹತ್ತರ ಕೆಳಗಿತ್ತು, ಜೊತೆಗೆ ಕಬ್ಬಿಣ. ಆ ನೀರು ಹೊರಬಂದು ಗಾಳಿ ಸೋಕಿದೊಡನೆ ತುಕ್ಕಿನ ಪುಡಿ ಇಳಿಯುತ್ತದೆ, ಹಾಗೆಯೇ ಟಬ್ಬಿಗೆ ಬಿಟ್ಟರೆ ಅದು ಮೊಟ್ಟೆಯ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ಕಬ್ಬಿಣಕ್ಕೆ ಒಂದು ದಿನ ಮೊದಲೇ ನೀರನ್ನು ಮೇಲಿನಿಂದ ಧುಮುಕಿಸಿ, ಮರಳಿನಲ್ಲಿ ಸೋಸಿ, ಶೇಖರಿಸಿಟ್ಟರಾಯಿತು. ಕ್ಯಾಲ್ಸಿಯಂಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, 1000 ಲೀಟರಿಗೆ ಸುಮಾರು 30 ಗ್ರಾಂ ಹಾಕಿದರೆ 20 ಮಿಲಿಗ್ರಾಂ ಏರುತ್ತದೆ. ಇಡೀ ಹಂಗಾಮಿಗೆ ನನಗೆ ಬೇಕಾದದ್ದು ಅರ್ಧ ಕಿಲೋ. ಶಿವಮೊಗ್ಗದಲ್ಲಿ ವಿಚಾರಿಸಿದರೆ 25 ಕಿಲೋ ಚೀಲ ಒಡೆಯುವುದಿಲ್ಲ ಎಂದರು. ಹಾರ್ಮೋನ್ ಸೀಸೆಯ ಕಥೆಯೇ. ಕೊನೆಗೆ ಪರಿಚಯದ ಕಾಲೇಜು ಉಪನ್ಯಾಸಕರೊಬ್ಬರು ರಸಾಯನಶಾಸ್ತ್ರಕ್ಕೆ ಬಾಟಲಿ ತರಿಸುವಲ್ಲಿಂದ ನನಗೂ ಒಂದು ಬಾಟಲಿ ತರಿಸಿಕೊಟ್ಟರು.

2021ರಲ್ಲಿ ಕೊಟ್ಟಿಗೆಯ ಒಂದು ಮೂಲೆಯನ್ನು ಥರ್ಮೋಕೋಲ್ ಹಾಳೆಗಳಿಂದ ಕೋಣೆ ಮಾಡಿ, ಅಕ್ವೇರಿಯಂ ಅಂಗಡಿಯ ನಾಲ್ಕು ಹೀಟರುಗಳನ್ನು ನೀರಿನ ಟ್ಯಾಂಕಿಗೆ ಇಳಿಸಿದೆ. ಮನೆಯ ಇನ್ವರ್ಟರ್ ಗಾಳಿಯ ಪಂಪನ್ನು ರಾತ್ರಿಯಿಡೀ ಓಡಿಸಬಲ್ಲದು, ಹೀಟರನ್ನು ಒಂದು ಗಂಟೆಯೂ ಎಳೆಯಲಾರದು. ಕರೆಂಟ್ ಹೋದಾಗ ಥರ್ಮೋಕೋಲ್ ಕೋಣೆ ಆರು ಗಂಟೆಯಲ್ಲಿ ಎರಡು ಡಿಗ್ರಿ ಮಾತ್ರ ಇಳಿಯುವುದನ್ನು ಎರಡು ರಾತ್ರಿ ಖಾಲಿ ನೀರಿನಲ್ಲಿ ಪರೀಕ್ಷಿಸಿಕೊಂಡೆ. ಹಿಂಡಿದ್ದು 18ನೆಯ ಗಂಟೆಗೆ. ಮೊಟ್ಟೆಗಳಲ್ಲಿ ಮುಕ್ಕಾಲು ಪಾಲು ಕಂದಾಗಿಯೇ ಉಳಿದವು, ಮರುದಿನ ಮಧ್ಯಾಹ್ನ ಒಡೆದವು.

ನಾಲ್ಕನೆಯ ದಿನ ಹಳದಿ ಚೀಲ ಕರಗಿ ಬಾಯಿ ತೆರೆದಾಗ ಹೊಸ ಅಡ್ಡಿ ಎದುರಾಯಿತು. ಆ ಬಾಯಿಗೆ ಜೀವಂತ ಆಹಾರವೇ ಬೇಕು. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮೊಟ್ಟೆಯ ಡಬ್ಬಿಯ ಬೆಲೆ ಕೇಳಿ ಅದನ್ನು ಆಗಲೇ ಬಿಟ್ಟಿದ್ದೆ, ಅದರ ಬದಲಿಗೆ ಮೊಯ್ನಾ ಎಂಬ ನೀರುಚಿಗಟವನ್ನು ಕಡಲೆಹಿಂಡಿ, ಸಗಣಿ ನೀರಿನ ಡ್ರಮ್ಮುಗಳಲ್ಲಿ ಬೆಳೆಸಿದ್ದೆ. ಎಂಟು ದಿನ ಸೂರ್ಯ ಕಾಣದೆ ಮಳೆ ಹೊಯ್ದದ್ದಕ್ಕೆ ಡ್ರಮ್ಮುಗಳು ಕೊಳೆತು ನಾರಿದವು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಿವುಚಿ ಕೊಟ್ಟರೆ ಮರಿಗಳು ತಿಂದದ್ದಕ್ಕಿಂತ ನೀರು ಕೆಟ್ಟದ್ದೇ ಹೆಚ್ಚು. ಕೊನೆಗೆ ಬೆಂಗಳೂರಿನಲ್ಲಿ ಬಣ್ಣದ ಮೀನು ಸಾಕುವ ಹುಡುಗನೊಬ್ಬ ಸಣ್ಣ ಪೊಟ್ಟಣಗಳಲ್ಲಿ ಆರ್ಟೀಮಿಯಾ ಮಾರುತ್ತಾನೆಂದು ತಿಳಿದು, ರಾತ್ರಿ ಬಸ್ಸಿನ ಡ್ರೈವರ್ ಕೈಯಲ್ಲಿ ತರಿಸಿದೆ. ನನ್ನ ಅಳತೆಯಲ್ಲಿ ಮಾರುವವನೊಬ್ಬ ಈ ಐದು ವರ್ಷಗಳಲ್ಲಿ ಸಿಕ್ಕಿದ್ದು ಅದೇ ಮೊದಲು. ಹನ್ನೊಂದನೆಯ ದಿನ ಮರಿಗಳು ಒಂದೊಂದಾಗಿ ಮೇಲೆ ಬಂದು ಗಾಳಿ ಗುಟುಕರಿಸತೊಡಗಿದವು. ಅಲ್ಲಿಗೆ ಅವು ಬದುಕಿದಂತೆ. ತಿಂಗಳ ಕೊನೆಗೆ 3,100 ಮರಿ ಎಣಿಸಿದೆ.

ಮಾರುವ ಹೊತ್ತಿಗೆ ಪೇಟೆಯ ಮರಿ ವ್ಯಾಪಾರಿಯೊಬ್ಬರು ಕೋಲ್ಕತ್ತಾ ಕಡೆಯ ಮಾಗೂರ್ ಎಂದು ಎರಡು ರೂಪಾಯಿಗೊಂದರಂತೆ ಮರಿ ಹಂಚುತ್ತಿದ್ದರು. ನನ್ನ ಖರ್ಚೇ ಮರಿಯೊಂದಕ್ಕೆ ಆರು ರೂಪಾಯಿ ದಾಟಿತ್ತು. ಪರಿಚಯದ ರೈತರೊಬ್ಬರ ಕೃಷಿಹೊಂಡಕ್ಕೆ ಹೋಗಿ ಆ ಮರಿಗಳನ್ನು ನೋಡಿದೆ. ಮೈಮೇಲೆ ಮೋಡದಂಥ ಕಪ್ಪು ಮಚ್ಚೆಗಳು, ಎರಡು ತಿಂಗಳಲ್ಲೇ ಗೇಣುದ್ದ ಬೆಳೆದಿದ್ದವು. ಇದು ಆಫ್ರಿಕನ್ ಎಂದೆ. "ಗೊತ್ತು ಮಾರಾಯ್ರೇ, ಬೆಳೀತದಲ್ಲ!" ಎಂದರು ಅವರು. ನನ್ನ ಮರಿ ನೂರು ಗ್ರಾಂ ದಾಟಲು ಎಂಟು ಹತ್ತು ತಿಂಗಳು ಬೇಕು. ಅವರಿಗೆ ಹೇಳಲು ನನ್ನಲ್ಲಿ ಕಾನೂನು ಇತ್ತು, ಹೊಳೆಯ ಮಾತು ಇತ್ತು, ಹಣದ ಉತ್ತರ ಇರಲಿಲ್ಲ. ಅದೂ ಅಲ್ಲದೆ ಆಫ್ರಿಕನ್ ಮೀನಿಗೆ ಹಾಕುವ ಕೊಳಕಿನ ಸುದ್ದಿ ಓದಿದ ಪೇಟೆಯ ಗಿರಾಕಿಗಳು ಮೀಸೆಯಿರುವ ಮೀನನ್ನೆಲ್ಲ ದೂರ ಇಡುತ್ತಾರೆ. ಹೀಗೆ ಕಳ್ಳಮೀನಿನ ಲಾಭ ಅದಕ್ಕೆ, ಕೆಟ್ಟ ಹೆಸರು ನನ್ನದಕ್ಕೆ. ಕೊನೆಗೆ ನನ್ನ ಮರಿಗಳನ್ನು ಕೊಂಡವರು ದಕ್ಷಿಣ ಕನ್ನಡದ ಇಬ್ಬರು, ಮುಗುಡಿನ ಸಾರಿನ ರುಚಿ ನೆನಪಿದ್ದವರು. ಎಂಟು ರೂಪಾಯಿ ಕೊಟ್ಟರು, ಚೌಕಾಸಿ ಮಾಡಲಿಲ್ಲ.

2022ರಲ್ಲಿ 7,000 ಮರಿ ಆಯಿತು. ಕೆಲಸ ಕೈಗೆ ಹತ್ತಿತ್ತು, ಹೇಳುವಂಥ ಅವಘಡವೇನೂ ಆಗಲಿಲ್ಲ. ಈಗ ತಲೆ ತಿನ್ನುತ್ತಿರುವುದು ಗಂಡುಗಳ ಲೆಕ್ಕ. ಪ್ರತಿ ತಂಡಕ್ಕೂ ಗಂಡುಗಳನ್ನು ಕೊಲ್ಲಲೇಬೇಕಾದ್ದರಿಂದ ಉಳಿತಾಯದ ಆಸೆಗೆ ನಾನು ಒಂದು ಗಂಡನ್ನು ನಾಲ್ಕು ಹೆಣ್ಣುಗಳಿಗೆ ಬಳಸುತ್ತ ಬಂದೆ. ಸರಿಯಾದ ಕ್ರಮ ಅದಲ್ಲ. ಹೆಚ್ಚು ಗಂಡುಗಳಿರಬೇಕು, ಒಂದೇ ಬಳಿಯ, ಅಂದರೆ ಒಂದೇ ವಂಶದ ಮೀನುಗಳನ್ನು ತಮ್ಮ ತಮ್ಮಲ್ಲೇ ಕೂಡಿಸುತ್ತ ಹೋದರೆ ಮರಿ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. 2022ರ ಹಂಗಾಮಿನ ಮರಿಗಳಲ್ಲಿ ಬಾಲ ಸೊಟ್ಟಗಿರುವವು ಮೊದಲಿಗಿಂತ ಹೆಚ್ಚು ಕಂಡವು. ಕಾರಣ ಇದೇ ಎಂದು ಖಚಿತವಾಗಿ ಹೇಳಲು ನಾನು ವಿಜ್ಞಾನಿಯಲ್ಲ, ಆದರೆ ನನ್ನ ಪುಸ್ತಕದಲ್ಲಿ ಯಾವ ಟಬ್ಬು ಯಾವ ಗಂಡಿನದು ಎಂದು ಬರೆದಿಟ್ಟಿದ್ದೇನೆ, ಸೊಟ್ಟ ಬಾಲದವುಗಳಲ್ಲಿ ಬಹುಪಾಲು ಎರಡೇ ಗಂಡುಗಳ ಟಬ್ಬಿನವು.

ಹೊಸ ಬಳಿಯ ಗಂಡುಗಳನ್ನು ಪೂರ್ವ ಭಾರತದಿಂದಲೇ ತರಬೇಕು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೂ ದಾರಿ ತಡೆಯುವ ಮೀನು ಇದು, ತರುವುದು ಕಷ್ಟವಲ್ಲ. ಹದಿನೈದು ಗಂಡು ಬೇಕು ಎಂದು ಕೇಳಿದ ಕಡೆ ಕನಿಷ್ಠ ಇನ್ನೂರು ಮೀನಿನ ಲೋಡಾದರೆ ಕಳಿಸುತ್ತೇವೆ ಎಂದಿದ್ದಾರೆ. ದಕ್ಷಿಣ ಕನ್ನಡದ ಆ ಇಬ್ಬರಿಗೂ ಮರಿ ಮಾಡುವ ಹುಮ್ಮಸ್ಸು ಬಂದಿದೆ. ಮೂವರೂ ಸೇರಿ ಲೋಡು ತರಿಸಿ ಹಂಚಿಕೊಳ್ಳುವ ಮಾತು ನಡೆದಿದೆ. ಹಾರ್ಮೋನಿನ ಸೀಸೆಯನ್ನೂ ಮೂರು ಪಾಲು ಮಾಡಬಹುದು ಎಂದು ಅವರಲ್ಲೊಬ್ಬರು ಫೋನಿನಲ್ಲಿ ಹೇಳಿದರು. ಮೂರು ಕಡೆಯೂ ಒಂದೇ ವಾರ ಚುಚ್ಚಬೇಕಾಗುತ್ತದೆ ಎಂದೆ. ಘಟ್ಟದ ಕೆಳಗಿನ ನೀರು ಬೆಚ್ಚಗಿರುವುದರಿಂದ ತಮ್ಮಲ್ಲಿ ಮೀನು ಮೊದಲೇ ತಯಾರಾಗಬಹುದಲ್ಲ ಎಂದರು ಅವರು. ಅವರಿಗೂ ಒಂದು ಥರ್ಮಾಮೀಟರ್ ಕೊಂಡು ಮೇ ತಿಂಗಳಿನಿಂದಲೇ ದಿನವೂ ಬರೆದಿಡಲು ಹೇಳಿದ್ದೇನೆ.